ಕಡಾಯಿ ಇಳಿಸದ ಮನೆ

ನಮ್ಮ ಕಡೆ ಸಾವಾದ ಮನೆಯಲ್ಲಿ ಒಂದು ವರ್ಷ ಎಣ್ಣೆಯ ಕಡಾಯಿ ಒಲೆ ಏರುವುದಿಲ್ಲ. ಹಬ್ಬ ಬಂದರೂ ಆ ಮನೆಯವರು ಏನನ್ನೂ ಕರಿಯುವುದಿಲ್ಲ, ಹೋಳಿಗೆಗೆ ಹೂರಣ ರುಬ್ಬುವುದಿಲ್ಲ. ಓಣಿಯವರು, ಬೀಗರು ತಮ್ಮ ತಮ್ಮ ಮನೆಗಳಲ್ಲಿ ಮಾಡಿದ್ದನ್ನು ಡಬ್ಬಿಯಲ್ಲಿ ತಂದು ಕೊಡುತ್ತಾರೆ. ತಂದವರು ಹಬ್ಬದ ಮಾತನ್ನು ಎತ್ತುವುದಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಸ್ವಲ್ಪ ಹೊತ್ತು ಕುಳಿತು, ಎದ್ದು ಹೋಗುತ್ತಾರೆ. ಕಮಲಾಪುರದಲ್ಲಿ ಹುಟ್ಟಿ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ, ನೋಡುತ್ತ ತಿಳಿದುಕೊಂಡೆ. ಆದ್ದರಿಂದ ಮೂರು ವರ್ಷಗಳ ಹಿಂದಿನ ದೀಪಾವಳಿಯಲ್ಲಿ ನಾನು ಮಾಡಿದ ತಪ್ಪಿಗೆ, ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ಸಲ್ಲುವುದಿಲ್ಲ.

ಆ ವರ್ಷದ ಆಷಾಢದಲ್ಲಿ ಅಪ್ಪ ಕಾಣೆಯಾದ. ಪೊಲೀಸ್ ಠಾಣೆಯ ಅರ್ಜಿಯಲ್ಲಿ ನಾನು 'ನಮ್ಮ ತಂದೆಯವರು ಕಾಣೆಯಾಗಿರುತ್ತಾರೆ' ಎಂದು ಬರೆದಿದ್ದೆ. ಇಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹಾಗೆಯೇ ಬರೆಯುತ್ತೇನೆ.

ಅಪ್ಪ ಕಮಲಾಪುರದ ತೋಟಗಳಲ್ಲಿ ಕೆಂಪು ಬಾಳೆಯ ಗೊನೆ ಕಡಿದು ಹೊರುವ ಕೆಲಸ ಮಾಡುತ್ತಿದ್ದ. ನಮ್ಮದೆಂದು ಇದ್ದದ್ದು ಊರಾಚೆಯ ಒಂದೂವರೆ ಎಕರೆ ಹೊಲ; ಅದರಲ್ಲಿ ಜೋಳ, ಬದುವಿನುದ್ದಕ್ಕೂ ತೊಗರಿ. ನಮ್ಮ ವಂಶದಲ್ಲಿ ಪದವಿಯವರೆಗೆ ಓದಿದವನು ನಾನೇ ಮೊದಲಿಗ. ಕಲಬುರಗಿಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬಸ್ ನಿಲ್ದಾಣದ ಬಳಿ ನಾಲ್ವರ ಜೊತೆ ಹಂಚಿಕೊಂಡಿದ್ದ ಕೋಣೆಯನ್ನು ಬಿಟ್ಟು ಬ್ರಹ್ಮಪುರದಲ್ಲಿ ನನ್ನೊಬ್ಬನಿಗೇ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ಆಗ ಹದಿನೈದು ದಿನಗಳಾಗಿದ್ದವು. ಹೊಸ ಕೋಣೆಯನ್ನು ನೋಡಬೇಕೆಂದು ಅಪ್ಪ ಫೋನಿನಲ್ಲಿ ಹೇಳಿದ. ನಾನು ವಿಳಾಸವನ್ನು ಲಕೋಟೆಯ ಮೇಲೆ ಬರೆಯುವ ಕ್ರಮದಲ್ಲಿ ಹೇಳಿದೆ: ಮನೆಯ ಸಂಖ್ಯೆ, ಅಡ್ಡರಸ್ತೆ, ಬಡಾವಣೆ. ಯಾವ ಗುಡಿ ದಾಟಬೇಕು, ಬೇವಿನ ಮರ ಎಲ್ಲಿದೆ, ಯಾವ ಕಿರಾಣಿ ಅಂಗಡಿಯ ಮುಂದೆ ತಿರುಗಬೇಕು ಎಂಬುದನ್ನು ಹೇಳಲಿಲ್ಲ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಪೂರ್ತಿ ಕೇಳಿಸಿಕೊಂಡು 'ಆತು' ಎಂದ.

ಮರುದಿನ ಬೆಳಿಗ್ಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ. ಕಲಬುರಗಿಯಲ್ಲಿ ಇಳಿದದ್ದನ್ನು ಕಂಡಕ್ಟರ್ ನೆನಪಿಟ್ಟಿದ್ದರು. ಹಣ್ಣಿನ ಪರಿಮಳ ಬಸ್ಸಿನ ತುಂಬ ಇತ್ತಂತೆ. ಅಪ್ಪನ ಫೋನು ಮನೆಯ ಗೂಡಿನಲ್ಲಿ ಚಾರ್ಜಿಗಿಟ್ಟಂತೆಯೇ ಉಳಿದಿತ್ತು. ನಮಗೆ ತಿಳಿದಿರುವುದು ಇಷ್ಟೇ. ಆಸ್ಪತ್ರೆಗಳು, ನಿಲ್ದಾಣಗಳು, ಜಗತ್ ವೃತ್ತದ ಅಂಗಡಿಗಳ ಮೆಟ್ಟಿಲುಗಳು, ದರ್ಗಾದ ಅಂಗಳ, ಎಲ್ಲ ಕಡೆ ಹುಡುಕಿದೆ. ಆ ಹುಡುಕಾಟವನ್ನು ಇಲ್ಲಿ ವಿವರಿಸುವುದಿಲ್ಲ. ಹಬ್ಬಗಳ ಬಗ್ಗೆ ಮಾತ್ರ ಬರೆಯಬೇಕೆಂದು ಕುಳಿತಿದ್ದೇನೆ.

ಒಂದು ತಿಂಗಳಿಗೆ ನಾಗರ ಪಂಚಮಿ ಬಂತು. ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರಬೇಕು. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಕಮಲಾಪುರದಲ್ಲಿಯೇ ಸಂತೆಯ ಬಯಲಿನ ಆಚೆ ಇರುತ್ತಾಳೆ. ನಡೆದರೆ ಹತ್ತು ನಿಮಿಷದ ದಾರಿ. ಆದರೂ ಅಪ್ಪ ಪ್ರತಿ ವರ್ಷ ತಲೆಗೆ ರುಮಾಲು ಸುತ್ತಿಕೊಂಡು, ದೂರದ ಊರಿಗೆ ಹೊರಟವನಂತೆ ಹೋಗಿ ಕರೆತರುತ್ತಿದ್ದ. ಆ ವರ್ಷ ಅವ್ವ ನನ್ನನ್ನು ಕಳಿಸಿದಳು. ಅತ್ತೆ ಬಂದಳು, ಬರುವಾಗ ಸೆರಗಿನಡಿ ಏನನ್ನಾದರೂ ತಂದಿದ್ದಾಳೆಯೇ ಎಂದು ಅವ್ವ ಬಾಗಿಲಲ್ಲಿ ನಿಂತು ಪರೀಕ್ಷಿಸುವವಳಂತೆ ನೋಡಿದಳು. ಏನೂ ಇರಲಿಲ್ಲ. ಆಗ ಅವಳನ್ನು ಒಳಗೆ ಬಿಟ್ಟಳು.

ಅಂದು ಅವ್ವ ಹಬ್ಬವನ್ನು ಎರಡು ಪಾಲು ಮಾಡಿದ್ದು ನನ್ನ ಗಮನಕ್ಕೆ ಬಂತು. ಖುಷಿಗಾಗಿ ಮಾಡುವುದೆಲ್ಲ ಒಂದು ಪಾಲು, ಅದನ್ನು ಬಿಟ್ಟುಬಿಟ್ಟಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಲಿಲ್ಲ, ಹೊಸ ಸೀರೆ ಉಡಲಿಲ್ಲ, ಜೋಳದ ಅಳ್ಳು ಹುರಿದು ಮಕ್ಕಳಿಗೆ ಹಂಚಲಿಲ್ಲ. ಮನೆಯಲ್ಲಿ ಸಾವಾಗಿಲ್ಲ ಎಂದು ಓಣಿಗೆ ತಿಳಿಸುವುದೆಲ್ಲ ಇನ್ನೊಂದು ಪಾಲು. ಅದರಲ್ಲಿ ಒಂದನ್ನೂ ಬಿಡಲಿಲ್ಲ. ಬಾಗಿಲಿಗೆ ತೋರಣ ಕಟ್ಟಿದಳು. ಹಣೆಗೆ ಎಂದಿಗಿಂತ ದೊಡ್ಡ ಕುಂಕುಮವಿಟ್ಟಳು. ಪಂಚಮಿಯ ದಿನ ನಮ್ಮಲ್ಲಿ ಕರಿಯುವ ಪದ್ಧತಿಯೇ ಇಲ್ಲ; ಆದರೂ ಹಬ್ಬದ ಮರುದಿನ ಕಡಾಯಿ ಇಟ್ಟು ಐದು ಕರ್ಚಿಕಾಯಿ ಕರಿದಳು. ಇಬ್ಬರೇ ಇರುವ ಮನೆಗೆ ಇದೆಲ್ಲ ಯಾಕೆ ಎಂದು ಕೇಳಿದೆ.

"ಎಣ್ಣಿ ವಾಸನಿ ಓಣಿತನಕ ಹೋಗಬೇಕಪ," ಎಂದಳು. "ನಿಮ್ಮಪ್ಪ ಬಂದಾಗ, ನನ್ನ ಮನ್ಯಾಗ ಕಡಾಯಿ ಯಾಕ ಇಳಿಸೀರಿ ಅಂತ ಕೇಳಬಾರದು."

ಆಮೇಲಿನ ಹಬ್ಬಗಳೂ ಹೀಗೆಯೇ ಕಳೆದವು. ಚವತಿಗೆ ಐದು ಕಡುಬು, ಮಹಾನವಮಿಗೆ ಐದು ಪೂರಿ. ಅವ್ವ ತಾನು ಕರಿದದ್ದನ್ನು ತಿನ್ನುತ್ತಿರಲಿಲ್ಲ. ನಾನು ಕಲಬುರಗಿಯಿಂದ ಬಂದು ತಿನ್ನುತ್ತಿದ್ದೆ.

ದೀಪಾವಳಿಗೆ ಮುಂಚೆ ಅವ್ವನಿಗೆ ಜ್ವರ ಬಂತು. ಕೀಲುಗಳು ಬಾತು ಬೆರಳು ಮಡಚಲು ಆಗುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಫೋನಿನಲ್ಲಿ ಅವಳ ಧ್ವನಿ ಕೇಳಿ, ಈ ಸಲ ಒಲೆಯ ಮುಂದೆ ಕೂರಿಸಬಾರದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಅವಳಿಗೆ ಹೇಳಲಿಲ್ಲ, ಹೇಳಿದ್ದರೆ ಬೇಡವೆನ್ನುತ್ತಿದ್ದಳು. ಮರುದಿನ ಜಗತ್ ವೃತ್ತದ ಒಂದು ಅಂಗಡಿಯಲ್ಲಿ ಹನ್ನೆರಡು ಹೋಳಿಗೆ, ಕಾಲು ಕಿಲೋ ಚಕ್ಕುಲಿ, ಕರ್ಚಿಕಾಯಿ ಕಟ್ಟಿಸಿದೆ. ಅಂಗಡಿಯವರು ಹೆಸರು ಅಚ್ಚಾದ ಕೆಂಪು ಪೆಟ್ಟಿಗೆಗೆ ಹಾಕಿ ರಿಬ್ಬನ್ ಬಿಗಿದರು. ಬಂಧುಗಳು ತಂದು ಕೊಡುವುದು ಬೇರೆ, ಸಂಬಳದವನು ಅಂಗಡಿಯಲ್ಲಿ ಕೊಳ್ಳುವುದು ಬೇರೆ ಎಂದು ನಾನು ತರ್ಕ ಮಾಡಿಕೊಂಡಿದ್ದೆ. ನಗರದಲ್ಲಿ ಎಲ್ಲರೂ ಕೊಳ್ಳುತ್ತಿದ್ದರು.

ಕಮಲಾಪುರದ ಬಸ್ಸಿನಲ್ಲಿ ನಮ್ಮ ಎದುರು ಮನೆಯಾಕೆ ಪಕ್ಕದಲ್ಲಿ ಕುಳಿತಳು. ನನ್ನನ್ನು ಎತ್ತಿ ಆಡಿಸಿದವಳು. ತೊಡೆಯ ಮೇಲಿದ್ದ ಪೆಟ್ಟಿಗೆಯನ್ನು ನೋಡಿ, ಈ ಸಲ ಮನೆಯಲ್ಲಿ ಮಾಡುತ್ತಿಲ್ಲವೇ ಎಂದು ಕೇಳಿದಳು.

"ಇಲ್ರೀ ದೊಡ್ಡವ್ವ," ಎಂದೆ. "ಈ ವರ್ಷ ಮನ್ಯಾಗ ಮಾಡಂಗಿಲ್ಲ. ಅವ್ವಗ ತ್ರಾಸ ಆಗ್ತದ."

ಆಕೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ನನ್ನ ಮುಂಗೈ ಮೇಲೆ ತನ್ನ ಕೈಯಿಟ್ಟು, "ಹೌದಪ. ಎಷ್ಟ ದಿನ ಅಂತ," ಎಂದಳು. ಜ್ವರದ ಮಾತೆಂದು ತಿಳಿದು ನಾನು ತಲೆಯಾಡಿಸಿದೆ.

ಮನೆಗೆ ಬಂದಾಗ ಅವ್ವ ಸ್ನಾನ ಮಾಡಿ ಒಲೆಯ ಮುಂದೆ ಕುಳಿತಿದ್ದಳು. ಕಡಾಯಿಯಲ್ಲಿ ಎಣ್ಣೆ ಕಾಯುತ್ತಿತ್ತು. ಬಾತ ಬೆರಳುಗಳಿಂದ ಕರ್ಚಿಕಾಯಿಯ ಅಂಚನ್ನು ಒತ್ತಲಾಗದೆ ಚಮಚದ ಹಿಂಬದಿಯಿಂದ ಒತ್ತುತ್ತಿದ್ದಳು. ಪೆಟ್ಟಿಗೆಯನ್ನು ನೋಡಿದಳು, ತೆರೆಯಲಿಲ್ಲ. ಬೈಯಲೂ ಇಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಯಾರ ನೋಡ್ಯಾರ?"

ಹೇಳಿದೆ. ಬಸ್ಸಿನಲ್ಲಿ ಆಡಿದ ಮಾತನ್ನೂ ಇದ್ದ ಹಾಗೆ ಒಪ್ಪಿಸಿದೆ. ಒಪ್ಪಿಸುತ್ತಿರುವಾಗ ನನಗೇ ಕೇಳಿಸಿತು: ಹೊರಗಿನಿಂದ ತಿನಿಸು ತಂದಿದ್ದೇನೆ, ಈ ವರ್ಷ ಮಾಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದೇನೆ. ನಮ್ಮ ಓಣಿಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿರಲು ಸಾಧ್ಯವಿಲ್ಲ.

ಸಂಜೆ ದೀಪ ಹಚ್ಚುವ ಮೊದಲೇ ಡಬ್ಬಿಗಳು ಬಂದವು. ನಾಲ್ಕು ತಿಂಗಳಿನಿಂದ ಕೊಡಬೇಕೋ ಬೇಡವೋ ಎಂದು ಕಾದವರು ಅವರೆಲ್ಲ. ಇವತ್ತು ಮಗನೇ ಅಪ್ಪಣೆ ಕೊಟ್ಟಂತಾಗಿತ್ತು. ಒಬ್ಬೊಬ್ಬರಾಗಿ ಬಂದರು, ಸ್ಟೀಲಿನ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು, ಹಬ್ಬದ ಮಾತಾಡದೆ ಕುಳಿತರು. ಒಳಗಿನಿಂದ ಎಣ್ಣೆಯ ವಾಸನೆ ಬರುತ್ತಿತ್ತು. ನಮ್ಮಲ್ಲಿ ಮಾಡಿದ್ದೇವೆ, ಒಯ್ಯಿರಿ ಎಂದು ಅವ್ವ ಪ್ರತಿಯೊಬ್ಬರಿಗೂ ಹೇಳಿದಳು. ಇರಲಿ ಬಿಡವ್ವ ಎಂದು ಪ್ರತಿಯೊಬ್ಬರೂ ಮೆಲ್ಲಗೆ ಹೇಳಿದರು. ಯಾರ ಮನಸ್ಸಿನಲ್ಲಿಯೂ ಕೆಡುಕಿರಲಿಲ್ಲ. ಕೆಡುಕಿದ್ದಿದ್ದರೆ ಅವ್ವ ಜಗಳವಾಡುತ್ತಿದ್ದಳು.

ನಾಲ್ಕು ಡಬ್ಬಿಗಳು. ಅವರು ಹೋದ ಮೇಲೆ ಅವ್ವ ಅವುಗಳನ್ನು ಬರಿದು ಮಾಡಿ, ತೊಳೆದು, ಒರೆಸಿ, ಒಂದೊಂದರಲ್ಲಿ ತಾನು ಕರಿದ ಕರ್ಚಿಕಾಯಿಗಳನ್ನು ತುಂಬಿದಳು. ಆ ದಿನ ಅವಳು ಐದಕ್ಕೆ ನಿಲ್ಲಿಸಿರಲಿಲ್ಲ. ಬೇರೆಯವರ ಡಬ್ಬಿಯನ್ನು ಖಾಲಿ ಮರಳಿಸಬಾರದೆಂಬ ಪದ್ಧತಿ ಎಲ್ಲ ಕಡೆ ಇದೆ. ಆದರೆ ಅವಳ ಉದ್ದೇಶ ಅದಲ್ಲ. ನಮ್ಮ ಮನೆಯಲ್ಲಿ ಕರಿದದ್ದನ್ನು ಓಣಿ ತಿಂದರೆ, ಇದು ಸೂತಕದ ಮನೆಯಲ್ಲವೆಂದು ಓಣಿ ಒಪ್ಪಿದ ಹಾಗೆ.

ಡಬ್ಬಿಗಳನ್ನು ಹಿಡಿದು ನಾನು ಹೊರಟೆ. ಮೂರು ಮನೆಯವರು ಇಸಿದುಕೊಂಡರು. ಕೊನೆಯದು ಎದುರು ಮನೆ. ಆಕೆ ಮುಚ್ಚಳ ತೆಗೆದು ನೋಡಿದಳು. ಬೇಸರದಿಂದಲ್ಲ, ನನ್ನ ಮೇಲಿನ ಮರುಕದಿಂದಲೇ, ಕರ್ಚಿಕಾಯಿಗಳನ್ನು ಒಂದು ಹಾಳೆಯಲ್ಲಿ ಸುತ್ತಿ ನನ್ನ ಕೈಗಿತ್ತಳು.

"ನಿಮ್ಮ ಮನೀದು ವರ್ಷ ತುಂಬೂತನಕ ನಾವು ತಿನ್ನಂಗಿಲ್ಲಪ. ಮನ್ಯಾಗ ಸಣ್ಣ ಸಣ್ಣ ಕೂಸು ಅದಾವ. ನಿಮ್ಮವ್ವಗ ಹೇಳಬ್ಯಾಡ."

ಹೇಳಲಿಲ್ಲ. ಆ ಪೊಟ್ಟಣವನ್ನು ಚೀಲದ ತಳದಲ್ಲಿ ಬಚ್ಚಿಟ್ಟು ಕಲಬುರಗಿಗೆ ತಂದೆ. ಎಲ್ಲರೂ ಇಸಿದುಕೊಂಡರೇ ಎಂದು ಅವ್ವ ಕೇಳಿದಾಗ ಹೌದೆಂದೆ. ಬಾಲ್ಯದಿಂದ ನಿಜವನ್ನೇ ನುಡಿಯಬೇಕೆಂದು ಕಲಿತವನು, ಆ ಒಂದು ಹೌದನ್ನು ಇಂದಿಗೂ ತಿದ್ದಿಲ್ಲ.

ತಿದ್ದುವ ಅಗತ್ಯವೂ ಬೀಳಲಿಲ್ಲ. ಅವಳಿಗೆ ತಾನಾಗಿಯೇ ತಿಳಿಯಿತು. ಹಬ್ಬವಾದ ಹದಿನೈದು ದಿನಕ್ಕೆ ಓಣಿಯಲ್ಲಿ ಒಂದು ಮದುವೆ ನಿಶ್ಚಯವಾಯಿತು. ಮುತ್ತೈದೆಯರನ್ನು ಕರೆಯಲು ಕುಂಕುಮದ ಬಟ್ಟಲು ಹಿಡಿದ ಹೆಂಗಸರು ನಮ್ಮ ಬಾಗಿಲನ್ನು ದಾಟಿ ಮುಂದಿನ ಬಾಗಿಲಿಗೆ ಹೋದರು. ಅವ್ವ ಆಗ ಹೊಸ್ತಿಲ ಮೇಲೆಯೇ ಕುಳಿತಿದ್ದಳಂತೆ. ಇದನ್ನು ಹೇಳಿದವಳು ಅತ್ತೆ. ಅವ್ವ ಹೇಳಲಿಲ್ಲ.

ಬ್ರಹ್ಮಪುರದಲ್ಲಿ ನನ್ನ ಕೋಣೆಯ ಯಜಮಾನರು ನಿವೃತ್ತ ಶಿಕ್ಷಕರು, ವೈಷ್ಣವರು. ಮನೆಯೊಳಗೆ ಮರಾಠಿ, ನನ್ನೊಡನೆ ಕನ್ನಡ. ನಾಲ್ಕೈದು ದಿನ ಬೆಳಗಿನ ತಿಂಡಿಗೆ ಒಣಗಿದ ಕರ್ಚಿಕಾಯಿಯನ್ನೇ ಮುರಿದು ತಿನ್ನುತ್ತಿದ್ದ ನನ್ನನ್ನು ಕಂಡು, ಹೊಟ್ಟೆ ಕೆಡುತ್ತದೆ, ಬಿಸಾಡಿ ಎಂದಿದ್ದರು. ಮದುವೆಯ ಸಂಗತಿ ಕೇಳಿದ ಮೇಲೆ ಎಲ್ಲವನ್ನೂ ಅವರ ಮುಂದೆ ಹೇಳಿಕೊಂಡು, ಇದಕ್ಕೆ ಸರಿಯಾದ ನಿಯಮವೇನು ಎಂದು ಕೇಳಿದೆ. ನನಗೆ ಯಾವಾಗಲೂ ಒಂದು ನಿಯಮ ಬೇಕು. ಇಲ್ಲದಿದ್ದರೆ ಕೈಕಾಲು ಆಡುವುದಿಲ್ಲ.

ಅವರು ಕನ್ನಡಕ ಹಾಕಿಕೊಂಡು ಒಂದು ಹಳೆಯ ಪುಸ್ತಕವನ್ನು ತೆಗೆದರು. ಸುದ್ದಿಯಿಲ್ಲದೆ ಹೋದವನಿಗಾಗಿ ಹನ್ನೆರಡು ವರ್ಷ ಕಾಯಬೇಕು. ಅನಂತರವೇ ದರ್ಭೆಯಲ್ಲಿ ಅವನ ಆಕೃತಿ ಮಾಡಿ ಅಂತ್ಯಕ್ರಿಯೆ ನಡೆಸಬೇಕು. ಅಲ್ಲಿಯವರೆಗೆ ಹೆಂಡತಿಗೆ ಮುತ್ತೈದೆತನವಿದೆ, ಮನೆಗೆ ಸೂತಕವಿಲ್ಲ. ಇಷ್ಟನ್ನು ಅವರು ಓದಿ ಹೇಳುತ್ತಿದ್ದಾಗ ಅಡುಗೆಮನೆಯಿಂದ ಅವರ ಹೆಂಡತಿ ಮರಾಠಿಯಲ್ಲಿ, ಹುಡುಗನಿಗೆ ಅದನ್ನೆಲ್ಲ ಹಾಗೆ ಹೇಳಬೇಡಿ ಎಂದು ತಡೆದರು. ನಾನು ಅಷ್ಟರಲ್ಲಿ ಬರೆದುಕೊಂಡಾಗಿತ್ತು.

ಕೋಣೆಗೆ ಬಂದು ಅದನ್ನು ಬಿಳಿ ಹಾಳೆಯ ಮೇಲೆ ಕಚೇರಿಯ ಸುತ್ತೋಲೆಯಂತೆ ದುಂಡಗೆ ನಕಲು ಮಾಡಿದೆ. ಮುಂದಿನ ಭಾನುವಾರ ಅವ್ವನ ಮುಂದೆ ಓದಿದೆ. ಓದಲು ಶುರು ಮಾಡಿದ ಮೇಲೆ ನನಗೆ ಹೊಳೆಯಿತು: ಹನ್ನೆರಡು ವರ್ಷ ಎನ್ನುವ ಮಾತು, ದರ್ಭೆಯ ಆಕೃತಿ ಎನ್ನುವ ಮಾತು, ಇವುಗಳನ್ನು ಅವಳ ಕಿವಿಗೆ ಹಾಕುತ್ತಿದ್ದವನು ನಾನು. ಅತ್ತೆಯೂ ಅಲ್ಲಿದ್ದಳು, ತೊಗರಿ ಕೇರುತ್ತಿದ್ದವಳು ಮೊರವನ್ನು ನಿಲ್ಲಿಸಿದಳು.

"ಇನ್ನೊಮ್ಮಿ ಓದು," ಎಂದಳು ಅವ್ವ.

ಇನ್ನೊಮ್ಮೆ ಓದಿದೆ.

"ಅಂದ್ರ ಹನ್ನೆರಡು ವರ್ಷ ಕಡಾಯಿ ಇಡಾಕ ಅಡ್ಡಿ ಇಲ್ಲ ಅಂದಂಗಾತು."

"ಹನ್ನೆರಡು ವರ್ಷಕ್ಕ ನಾ ಇರ್ತೀನೇನು?" ಎಂದಳು ಅತ್ತೆ. "ನೀ ಕರ್ಚಿಕಾಯಿ ಕರೀತಾ ಕೂಡು, ಆ ಹೊಗಿಗೇ ನಾ ಸಾಯ್ತೀನಿ."

ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಮತ್ತು ಅದು ಬೇಗನೆ ಮುಗಿಯಿತು. ಹಾಳೆಯನ್ನು ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ದೇವರ ಜಗುಲಿಯ ಮೇಲೆ ಇಟ್ಟಳು. ಓಣಿಯಲ್ಲಿ ಅದನ್ನು ಯಾರಿಗೂ ತೋರಿಸಲಿಲ್ಲ. ಓಣಿಯವರು ಪುಸ್ತಕ ನೋಡಿ ಮನಸ್ಸು ಬದಲಿಸುವವರಲ್ಲವೆಂದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಸಜ್ಜೆಯ ಕಡುಬು, ರೊಟ್ಟಿ, ಹತ್ತಾರು ಕಾಳು ಸೊಪ್ಪುಗಳ ಭಜ್ಜಿ, ಮಡಕೆಯ ಅಂಬಲಿ, ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಬೇಕು. ಜೋಳದ ದಂಟುಗಳನ್ನು ಬಾಗಿಸಿ ಕಟ್ಟಿ, ಅದರಡಿ ಸುಣ್ಣ ಹಚ್ಚಿದ ಐದು ಕಲ್ಲುಗಳನ್ನಿಟ್ಟು ಪೂಜಿಸಬೇಕು. ಅನಂತರ ಚರಗ: ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುವುದು. ಮನೆಯ ಯಜಮಾನ ಮುಂದೆ ಚೆಲ್ಲುತ್ತ 'ಹುಲ್ಲುಲ್ಲಿಗೋ' ಎಂದು ಕೂಗುತ್ತಾನೆ. ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತ ಬರುವವನು 'ಚಲ್ಲಂಬರಿಗೋ' ಎಂದು ಉತ್ತರ ಕೊಡುತ್ತಾನೆ. ಈ ಮಾತುಗಳಿಗೆ ಅರ್ಥವೇನೆಂದು ನಾನು ಓದಿದ ಯಾವ ನಿಘಂಟೂ ಹೇಳಲಿಲ್ಲ. ಐದನೆಯ ವಯಸ್ಸಿನಿಂದ ಪ್ರತಿ ವರ್ಷ ನಾನು ತಂಬಿಗೆ ಹಿಡಿದು ಅಪ್ಪನ ಹಿಂದೆ ನಡೆದಿದ್ದೇನೆ. ಪದವಿ ಮುಗಿಸಿದ ವರ್ಷ ಮಾತ್ರ ನಾಚಿಕೆಯಿಂದ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಿದ್ದೆ. ಅಪ್ಪ ಹಿಂತಿರುಗಿ ನೋಡಿ ಮುಂದೆ ನಡೆದಿದ್ದ.

ಚರಗದ ಬುಟ್ಟಿ ಅಪ್ಪನ ಕೈಯಿಂದ ಮಗನ ಕೈಗೆ ಬರುವುದು ಅಪ್ಪ ತೀರಿಕೊಂಡ ಮೇಲೆಯೇ. ಹೊಲದಲ್ಲಿ ಐದು ಕಲ್ಲುಗಳ ಮುಂದೆ ನಾವು ಮೂವರು ಕುಳಿತಿದ್ದಾಗ ನಾನು ಯೋಚಿಸುತ್ತಿದ್ದದ್ದು ಅದನ್ನೇ. ಪೂಜೆ ಮುಗಿಯಿತು. ಅವ್ವ ಅಡುಗೆಯನ್ನು ಬುಟ್ಟಿಯಲ್ಲಿ ಕಲಸಿದಳು. ಸುತ್ತಲಿನ ಹೊಲಗಳಿಂದ ಆಗಲೇ ಕೂಗು ಕೇಳಿಬರುತ್ತಿತ್ತು. ಅತ್ತೆ ಬುಟ್ಟಿಯನ್ನು ಎತ್ತಿ ನನ್ನ ಮುಂದೆ ಸರಿಸಿದಳು.

"ತಗೋ ತಮ್ಮಾ. ಯಾರರೆ ಚೆಲ್ಲಬೇಕಲ್ಲ. ಭೂಮ್ತಾಯಿ ಏನ ತಪ್ಪು ಮಾಡ್ಯಾಳ?"

ನಾನು ಕೈ ಚಾಚಲಿಲ್ಲ. ಚಾಚದೆಯೂ ಇರಲಾರೆ ಎನ್ನಿಸಿತು. ಬದುವಿನ ಆಚೆಯ ಹೊಲದವರು ತಿನ್ನುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಅವರಲ್ಲಿ ಎದುರು ಮನೆಯಾಕೆಯೂ ಇದ್ದಳು. ನಾನು ಬುಟ್ಟಿ ಹಿಡಿದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ದೀಪಾವಳಿಯಲ್ಲಿ ಬಾಯಿತಪ್ಪಿ ಹೇಳಿದ್ದನ್ನು ಈಗ ಕೈಯಾರೆ ಒಪ್ಪಿದಂತಾಗುತ್ತಿತ್ತು. ಹಿಡಿಯದಿದ್ದರೆ ಹೊಲ ಚರಗವಿಲ್ಲದೆ ಉಳಿಯುತ್ತಿತ್ತು. ಹೊಲವನ್ನು ಹಾಗೆ ಬಿಡುವುದು ಅಪ್ಪ ಎಂದೂ ಕ್ಷಮಿಸದ ಸಂಗತಿ.

ಅವ್ವ ನನ್ನನ್ನು ನೋಡಲೇ ಇಲ್ಲ. ಬುಟ್ಟಿಯನ್ನು ಎತ್ತಿ ಅತ್ತೆಯ ಸೊಂಟಕ್ಕೆ ಏರಿಸಿದಳು.

"ಯಕ್ಕಾ, ಇದು ನಿಮ್ಮಪ್ಪನ ಹೊಲ. ತಮ್ಮ ಊರಾಗಿಲ್ಲ, ಅಕ್ಕ ಚೆಲ್ಯಾಳ ಅಂತ ಆಗ್ಲಿ. ಅಂವ ಬಂದಮ್ಯಾಲ ಅಂವನ ಕೈಯಾಗ ಕೊಡ್ರಿ."

ಹೆಂಗಸರು ಚರಗ ಚೆಲ್ಲುವುದನ್ನು ನಾನು ಕಂಡಿರಲಿಲ್ಲ, ಅತ್ತೆಯೂ ಕಂಡಿರಲಿಲ್ಲ. ಬುಟ್ಟಿ ಅವಳ ಸೊಂಟದಲ್ಲಿಯೇ ಉಳಿಯಿತು. ಅವ್ವ ತಂಬಿಗೆಯನ್ನು ತುಂಬಿ ನನಗೆ ಕೊಟ್ಟಳು. "ನೀ ನಿನ್ನ ಜಾಗಾದಾಗ ನಡಿ," ಎಂದಳು.

ಅತ್ತೆ ಮುಂದೆ, ನಾನು ಹಿಂದೆ. ಅವಳು ಮೊದಲ ಹಿಡಿಯನ್ನು ಜೋಳದ ಸಾಲಿಗೆ ಚೆಲ್ಲಿದಳು. ಕೂಗಲಿಲ್ಲ. ತಮ್ಮನ ಕೂಗು ಅದು. ಎರಡನೆಯ ಹಿಡಿ, ಮೂರನೆಯ ಹಿಡಿ. ಮುಂದಿನಿಂದ ಕೂಗು ಬಾರದೆ ಹಿಂದಿನವನು ಉತ್ತರ ಕೊಡುವ ಪದ್ಧತಿಯಿಲ್ಲ. ಆದರೂ ನಾನು ನೀರು ಚಿಮುಕಿಸಿ, ಅಪ್ಪ ಕೂಗಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಬಿಟ್ಟು, 'ಚಲ್ಲಂಬರಿಗೋ' ಎಂದೆ. ಪಕ್ಕದ ಹೊಲದಲ್ಲಿ ಮಾತು ನಿಂತಿತು. ನಾನು ತಲೆಯೆತ್ತಲಿಲ್ಲ. ಒಂದು ಬದು ಮುಗಿದು ಇನ್ನೊಂದು ಬದುವಿಗೆ ತಿರುಗಿದೆವು. ಅತ್ತೆಯ ಹೆಗಲು ಅಲುಗುತ್ತಿತ್ತು. ಅವಳು ಚೆಲ್ಲುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಪೂಜೆಯ ಜಾಗದಿಂದ ಅವ್ವನ ದನಿ ಕೇಳಿಸಿತು.

"ಜೋರಾಗಿ ಹೇಳು. ಕೇಳಬೇಕಲ್ಲ."

ಯಾರಿಗೆ ಕೇಳಬೇಕೆಂದು ಅವಳು ಹೇಳಲಿಲ್ಲ. ನಾನು ಜೋರಾಗಿ ಹೇಳಿದೆ.

ಆಮೇಲೆ ಎರಡು ಎಳ್ಳ ಅಮಾವಾಸ್ಯೆಗಳು ಕಳೆದಿವೆ. ಅತ್ತೆಗೆ ಮೊಣಕಾಲು ನೋವು. ಈ ಸಲ ಎರಡು ಬದು ಮುಗಿದ ಮೇಲೆ ಬುಟ್ಟಿ ಇಳಿಸಿ ಕುಳಿತು ದಣಿವಾರಿಸಿಕೊಂಡಳು. ಅವಳು ಏಳುವವರೆಗೆ ನಾನು ಬುಟ್ಟಿಯನ್ನು ಮುಟ್ಟದೆ, ತಂಬಿಗೆ ಹಿಡಿದು ಹಿಂದೆ ನಿಂತಿದ್ದೆ.